ಅಡವಿಯ ವಸ್ತಿ, ಹಳ್ಳದ ನೀರು

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ತಮ್ಮನ ಮಗನು ಈಚೆಗೆ ಹೆಂಡತಿ ಮಕ್ಕಳೊಡನೆ ತೆಲಿಗಿಗೆ ಬಂದು ನಾಲ್ಕು ದಿನ ನಮ್ಮಲ್ಲಿ ಇದ್ದನು. ಬರುವ ರಜೆಯಲ್ಲಿ ಮಕ್ಕಳನ್ನು ಎರಡು ರಾತ್ರಿಯಾದರೂ ಅಡವಿಯಲ್ಲಿ ಇರಿಸಬೇಕೆಂಬುದು ಅವನ ಇಚ್ಛೆ. ಬಿಸಿನೀರಿನ ನಲ್ಲಿ, ದೂರದರ್ಶನ, ಮೆತ್ತನೆಯ ಹಾಸಿಗೆ ಇವೊಂದೂ ಇಲ್ಲದ, ಹಳ್ಳದ ದಂಡೆಯ ಮೇಲೆ ಡೇರೆ ಹೊಡೆದು ಮಲಗುವಂಥ ಸ್ಥಳ ಬೇಕೆಂದು ಅವನು ಹುಡುಕುತ್ತಿದ್ದನು. ಊಟಕ್ಕೆ ಕುಳಿತಾಗ ಅವನ ಹತ್ತು ವರ್ಷದ ಮಗಳು, "ಅಜ್ಜಾರೆ, ನೀವು ಎಂದಾದರೂ ಕಾಡಿನಲ್ಲಿ ಮಲಗಿದ್ದೀರಾ?" ಎಂದು ಕೇಳಿದಳು. ಮಲಗಿದ್ದೇವೆ ಎಂದೆವು. "ಹೆದರಿಕೆ ಆಗಲಿಲ್ಲವಾ?" ಎಂದಳು. ಆಗಿತ್ತು ಎಂದೆವು. ಹುಲಿಗೋ ಕರಡಿಗೋ ಎಂದು ಅವಳು ಕಣ್ಣರಳಿಸಿದಾಗ ನಾವು ಮಾತು ಮರೆಸಿ ಅವಳ ಎಲೆಗೆ ಇನ್ನೊಂದು ಹೋಳಿಗೆ ಬಡಿಸಲು ಹೇಳಿದೆವು. ಅಂದು ಆ ಮಗುವಿಗೆ ಹೇಳದೆ ಉಳಿಸಿಕೊಂಡದ್ದನ್ನು ಈ ಸಂಚಿಕೆಯಲ್ಲಿ ವಾಚಕ ಬಂಧುಗಳ ಮುಂದೆ ಇಡುತ್ತೇವೆ.

ಬಯಲಿನಲ್ಲಿ ಮಲಗುವುದು ನಮ್ಮ ಸೀಮೆಯವರಿಗೆ ಹೊಸತೇನಲ್ಲ. ಮೈಲಾರದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರು ಬಂಡಿಯ ಕೆಳಗೇ ಬಿಡಾರ ಮಾಡಿ ಕಾರಣಿಕ ಕೇಳಿ ಬರುತ್ತಿದ್ದರು. ಕೊಟ್ಟೂರಿನ ತೇರಿಗೆ ದೂರದೂರುಗಳಿಂದ ನಡೆದು ಬರುವ ಭಕ್ತರು ಇಂದಿಗೂ ದಾರಿಯ ಗಿಡದ ನೆರಳಿನಲ್ಲಿ ಮೈ ಚಾಚುತ್ತಾರೆ. ಕುರಿಗಾರರಂತೂ ವರ್ಷದ ಬಹುಭಾಗ ಹಟ್ಟಿಯೊಡನೆಯೇ ಇದ್ದು, ಒಂದು ಕಂಬಳಿಯನ್ನು ಹಾಸಿ ಅದನ್ನೇ ಹೊದೆಯುವವರು. ಆದರೆ ಅಡವಿ ಎಂಬುದು ನಮಗೆ ಅಷ್ಟಾಗಿ ಪರಿಚಯವಿಲ್ಲ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಕಡೆ ಬಂಡೆಗಲ್ಲುಗಳ ನಡುವೆ ಕುರುಚಲು ಕಾಡಿದ್ದು, ಈಗ ಅದು ಕರಡಿಧಾಮವಾಗಿದೆ. ಸಂಡೂರಿನ ಗುಡ್ಡಗಳಿಗೆ ಹೋದರೆ ನಾರಿಹಳ್ಳದ ಆಸುಪಾಸಿನಲ್ಲಿ ಹಸಿರು ಕಾಣುತ್ತದೆ. ಉಳಿದದ್ದೆಲ್ಲ ಜೋಳ, ಶೇಂಗಾ, ಮೆಕ್ಕೆಜೋಳದ ಹೊಲ. ನಮ್ಮ ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಮೂರಾದರೂ ಯುಗಾದಿಯ ಹೊತ್ತಿಗೆ ಹಳ್ಳ ಬತ್ತುವುದು ಮಾತ್ರ ತಪ್ಪಲಿಲ್ಲ.

ನಮ್ಮ ಜನ ನಿಜವಾದ ಅಡವಿಯೊಳಗೆ ಹೊಕ್ಕು ರಾತ್ರಿ ಕಳೆಯುವುದು ಒಂದೇ ಕಾರಣಕ್ಕೆ, ಶ್ರೀಶೈಲದ ಪಾದಯಾತ್ರೆಗೆ. ಹಿರಿಯರು ಶ್ರೀಶೈಲಕ್ಕೆ ಹೋಗುತ್ತೇವೆ ಎನ್ನುತ್ತಿರಲಿಲ್ಲ, ಪರ್ವತಕ್ಕೆ ಹೋಗುತ್ತೇವೆ ಎನ್ನುತ್ತಿದ್ದರು. 1794ರಲ್ಲಿ ಅಲ್ಲಿಗೆ ಹೋದ ಕಾಲಿನ್ ಮೆಕೆಂಜಿ ಎಂಬ ಆಂಗ್ಲ ಅಧಿಕಾರಿಯೂ ತನ್ನ ಬರಹದಲ್ಲಿ ಆ ಸ್ಥಳವನ್ನು ಪರ್ವತವೆಂಬ ಹೆಸರಿನಿಂದಲೇ ಕರೆದನು. ಶಿವರಾತ್ರಿಗೆ ತೆಲುಗು ಭಕ್ತರ ಸಂದಣಿ ಹೆಚ್ಚು, ಯುಗಾದಿಗೆ ಕನ್ನಡಿಗರದು. ಭ್ರಮರಾಂಬೆಯನ್ನು ಮನೆಯ ಮಗಳೆಂದು ಬಗೆದು ಸೀರೆ, ಅರಿಷಿಣ, ಕುಂಕುಮ ಒಯ್ಯುವವರು ನಮ್ಮವರು. ನಲ್ಲಮಲೆಯ ಚೆಂಚು ಜನರಿಗೆ ಮಲ್ಲಯ್ಯನು ಅಳಿಯ. ಹೀಗೆ ಬೀಗರಾದವರಿಬ್ಬರ ನಡುವೆ ಹರಡಿರುವ ಆ ಅಡವಿಯು ಇಂದು ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. 1983ರಲ್ಲಿ ಅದಕ್ಕೆ ಆ ಸ್ಥಾನ ಬಂದಿತು. 2014ರಲ್ಲಿ ರಾಜ್ಯ ಎರಡಾದ ಮೇಲೆ ತೆಲಂಗಾಣದ ಭಾಗಕ್ಕೆ ಅಮ್ರಾಬಾದ್ ಎಂಬ ಹೆಸರಾಯಿತು.

ನಾವು ಮೊದಲು ಹೋದದ್ದು 1984ರ ಯುಗಾದಿಗೆ. ಆಗ ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದೆವು, ವಯಸ್ಸು ಇಪ್ಪತ್ತರ ಮೇಲೆ ಎರಡೋ ಮೂರೋ. ಕಂಬಿ ಹೊತ್ತ ತಂಡದಲ್ಲಿ ಮೂವತ್ತು ಮಂದಿ ಇದ್ದೆವು. ಕೊಟ್ಟೂರು, ಕೂಡ್ಲಿಗಿ, ಬಳ್ಳಾರಿ, ಕರ್ನೂಲು, ಆತ್ಮಕೂರು ಎಂದು ಮುನ್ನೂರು ಕಿ.ಮೀ.ಗೂ ಮಿಗಿಲಾದ ದಾರಿ. ಕಾಲಿಗೆ ಕೆರವಿಲ್ಲ. ಹೆಗಲ ಚೀಲದಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಹಿಟ್ಟು. ಆತ್ಮಕೂರಿನ ತನಕ ಊರೂರಿಗೆ ದಾಸೋಹದ ಚಪ್ಪರಗಳಿರುತ್ತಿದ್ದವು. ವೆಂಕಟಾಪುರ ದಾಟಿದೊಡನೆ ಊರುಗಳು ಮುಗಿದು ಅಡವಿ ಆರಂಭವಾಗುತ್ತದೆ. ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವು ಎಂಬ ಕೆರೆ, ಭೀಮನ ಕೊಳ್ಳ, ಕೈಲಾಸದ್ವಾರ, ಇವು ಆ ದಾರಿಯ ಹೆಸರುಗಳು. ಆ ಬೆಟ್ಟಗಳಿಗೆ ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಮೆಟ್ಟಿಲು ಕಟ್ಟಿಸಿದನೆಂದು ಚರಿತ್ರೆ. ಕಟ್ಟಿಸಿದವನ ಪುಣ್ಯ ದೊಡ್ಡದು, ಆದರೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿಟ್ಟಾಗ ಆ ಮಾತು ನೆನಪಿಗೆ ಬರುವುದಿಲ್ಲ.

ಮಾರ್ಚ್ ತಿಂಗಳ ನಲ್ಲಮಲೆಯನ್ನು ಮಲೆನಾಡಿನ ಅಡವಿಯಂತೆ ಯಾರೂ ಕಲ್ಪಿಸಿಕೊಳ್ಳಬಾರದು. ತೇಗ, ದಿಂಡಿಗ, ಮತ್ತಿ ಎಲ್ಲವೂ ಎಲೆ ಉದುರಿಸಿ ನಿಂತಿರುತ್ತವೆ. ನೆಲದ ತುಂಬ ಮೊಣಕಾಲು ಮುಳುಗುವಷ್ಟು ತರಗೆಲೆ. ಹಳ್ಳವೆಂದರೆ ಹರಿಯುವ ನೀರಲ್ಲ. ಕಲ್ಲು, ಉಸುಕು, ಮತ್ತೆ ಕಲ್ಲು, ನಡುನಡುವೆ ಒಂದೊಂದು ಮಡು. ಮಡುವಿನಲ್ಲಿ ಇರುವ ನೀರೇ ಮಳೆಗಾಲದವರೆಗಿನ ನೀರು. ಹಗಲು ಜನ, ರಾತ್ರಿ ಜಿಂಕೆ, ಕಡವೆ, ಹಂದಿ, ಕರಡಿ, ಎಲ್ಲರಿಗೂ ಅದೇ. ಆ ವರ್ಷ ನಾಗಲೂಟಿ ದಾಟಿದ ಮೇಲೆ ಇಂಥದೊಂದು ಹಳ್ಳದ ದಂಡೆಯಲ್ಲಿ ನಮ್ಮ ತಂಡ ವಸ್ತಿ ಇಳಿಯಿತು. ನಮ್ಮೊಡನೆ ಹಾಲುಮತದ ಹಿರಿಯರೊಬ್ಬರಿದ್ದರು. ಓದು ಬರಹ ಅರಿಯದವರು. ಅರವತ್ತು ವರ್ಷ ಕುರಿಯ ಹಿಂದೆ ತಿರುಗಿದವರು. ಸ್ಥಳ ಆಯುವ ಕೆಲಸವನ್ನು ಕಂಬಿಯ ಯಜಮಾನರು ಅವರಿಗೇ ಬಿಟ್ಟಿದ್ದರು.

ಅವರು ಸ್ಥಳ ನೋಡಿದ ರೀತಿ ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ. ಹಳ್ಳದೊಳಗಿನ ಉಸುಕು ಮೆತ್ತಗಿದೆ, ಅಲ್ಲಿಯೇ ಮಲಗೋಣವೆಂದು ಹುಡುಗರು ಹೇಳಿದರೆ ಒಪ್ಪಲಿಲ್ಲ. ಮೇಲೆ ಎಲ್ಲೋ ಅಡ್ಡಮಳೆ ಬಿದ್ದರೆ ಇಲ್ಲಿ ನಕ್ಷತ್ರ ಕಾಣುತ್ತಿರುವಾಗಲೇ ಹಳ್ಳ ಬರುತ್ತದೆ ಎಂದರು. ನಮ್ಮ ಕಡೆಯ ಹಳ್ಳಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಡೆಯ ಮೇಲೆ ಒಂದು ದೊಡ್ಡ ಇಪ್ಪೆಯ ಮರವಿತ್ತು, ಬಹಳ ಒಳ್ಳೆಯ ಜಾಗ. ಅದನ್ನೂ ಬಿಡಿಸಿದರು. ಇಪ್ಪೆ ಹೂ ರಾತ್ರಿಯೆಲ್ಲ ಉದುರುವ ಕಾಲ, ಬೆಳಗಿನ ಜಾವ ಅದನ್ನು ತಿನ್ನಲು ಕರಡಿ ಬರುತ್ತದೆ, ನಾವು ಮಲಗಿದ್ದೇವೆಂದು ಅದಕ್ಕೇನು ಗೊತ್ತು ಎಂದರು. ಕಡೆಗೆ ದಂಡೆಯಿಂದ ನೂರು ಹೆಜ್ಜೆ ಮೇಲೆ, ಪ್ರಾಣಿಗಳು ನೀರಿಗೆ ಇಳಿಯುವ ದಾರಿಯನ್ನು ಬಿಟ್ಟು, ಗಟ್ಟಿ ನೆಲದ ಮೇಲೆ ತರಗೆಲೆ ಗುಡಿಸಿಸಿ ಬಿಡಾರ ಹಾಕಿಸಿದರು. ಒಲೆ ಹೂಡುವಲ್ಲಿ ಸುತ್ತ ಎರಡು ಮಾರು ನೆಲವನ್ನು ಮಣ್ಣು ಕಾಣುವಂತೆ ಕೆರೆಯಿಸಿದರು. ಆಮೇಲೆ ಮೂರು ಮಡುಗಳನ್ನು ತೋರಿಸಿ, ಮೇಲಿನದು ಕುಡಿಯುವುದಕ್ಕೆ, ನೀರನ್ನು ಕೊಡದಲ್ಲಿ ಮೊಗೆದು ತರಬೇಕು, ಯಾರೂ ಇಳಿಯಕೂಡದು, ಕೆಳಗಿನ ಮಡುವಿನ ನೀರನ್ನು ದಂಡೆಯ ಮೇಲಕ್ಕೆ ತಂದು ಮೈ ತೊಳೆದುಕೊಳ್ಳಿ, ಪಾತ್ರೆ ತಿಕ್ಕಿರಿ ಎಂದು ಹೇಳಿದರು.

ಪಾತ್ರೆಯ ಪಾಳಿ ಅಂದು ನಮ್ಮದು ಮತ್ತು ನಮ್ಮ ಸಹಪಾಠಿಯದು.

ಊಟ ಮುಗಿಯುವಾಗ ಕತ್ತಲಾಗಿತ್ತು. ಅನ್ನ ಬೆಂದ ದೊಡ್ಡ ಕೊಪ್ಪರಿಗೆ, ಸಾರಿನ ಬೋಗುಣಿ, ಮೂವತ್ತು ಗಂಗಾಳ. ಕಾಲಿನ ಗುಳ್ಳೆಗಳು ಒಡೆದಿದ್ದವು. ಕೆಳಗಿನ ಮಡುವಿಗೆ ಕಲ್ಲುಗಳನ್ನು ಇಳಿದು ಹೋಗಬೇಕು. ಮೇಲಿನದು ಹತ್ತಿರ, ದಾರಿ ಸಮ. ಕತ್ತಲಲ್ಲಿ ಯಾರು ನೋಡುತ್ತಾರೆ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಆದರೆ ಇಬ್ಬರ ಕಾಲೂ ಆ ಕಡೆಗೇ ತಿರುಗಿದವು. ಕೊಪ್ಪರಿಗೆಯನ್ನು ಮೇಲಿನ ಮಡುವಿಗೆ ಉರುಳಿಸಿ, ತಳ ಹಿಡಿದ ಅನ್ನವನ್ನು ನೀರಿಗೇ ಕೆರೆದು ಹಾಕಿ, ಬಟ್ಟೆ ಸೋಪಿನ ಪುಡಿ ಎರಚಿ ತಿಕ್ಕಿದೆವು. ಗಂಗಾಳಗಳನ್ನೂ ಅಲ್ಲಿಯೇ ಅದ್ದಿ ಎತ್ತಿದೆವು. ಕಡೆಗೆ ಕಾಲಿನ ಕೀವನ್ನೂ ಅದೇ ನೀರಿನಲ್ಲಿ ತೊಳೆದುಕೊಂಡೆವು. ಪದವಾಕ್ಯಗಳ ಶುದ್ಧಿಯನ್ನು ಹಗಲಿಡೀ ಅಭ್ಯಾಸ ಮಾಡಿದ್ದ ವಿದ್ಯಾರ್ಥಿಗಳು ನಾವು.

ತಂಡವು ತಂಪು ಹೊತ್ತಿನಲ್ಲೇ ಕೊಳ್ಳದ ಕಡೆ ಸಾಗಬೇಕೆಂದು ಬೆಳಗಿನ ಮೂರಕ್ಕೆ ಕಂಬಿ ಎತ್ತಿತು. ನಮ್ಮ ಸಹಪಾಠಿಯ ಕಾಲು ಊದಿಕೊಂಡದ್ದರಿಂದ ಅವನೊಡನೆ ನಾವೂ, ನಮ್ಮಿಬ್ಬರನ್ನು ಕರೆತರಲು ಆ ಹಿರಿಯರೂ ಬೆಳಕು ಹರಿಯುವ ತನಕ ಉಳಿದೆವು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ತಂಡ ಬಂದಿತು. ಮಾತಿನಿಂದ ಗದಗ ರೋಣದ ಕಡೆಯವರೆಂದು ತಿಳಿಯುತ್ತಿತ್ತು. ಹೆಂಗಸರು, ಮಕ್ಕಳು ಇದ್ದರು. ರಾತ್ರಿಯೆಲ್ಲ ನಡೆದು ಬಾಯಾರಿದವರು ನೇರವಾಗಿ ಮಡುವಿಗೆ ಇಳಿದರು. ಬೆಳಕಿನಲ್ಲಿ ನಾವೂ ಆಗಲೇ ಅದನ್ನು ನೋಡಿದ್ದು. ನೀರಿನ ಮೇಲೆ ಎಣ್ಣೆಯ ಪದರ, ದಂಡೆಗುಂಟ ಅನ್ನದ ಅಗುಳು, ಅದಕ್ಕೆ ಮುತ್ತಿದ ನೊಣ. ಒಬ್ಬ ತಾಯಿ ಸೆರಗಿನಲ್ಲಿ ಸೋಸಿ ತನ್ನ ಮಗುವಿಗೆ ಕುಡಿಸಿದಳು. ಐದು ವರ್ಷದ ಗಂಡುಮಗು. ಕುಡಿಸಬೇಡಿ, ಅದನ್ನು ಕೆಡಿಸಿದವರು ನಾವು ಎನ್ನಲು ನಮಗೆ ನಾಲಿಗೆ ಏಳಲಿಲ್ಲ. ಮೈಮೇಲೆ ಕಾವಿಯ ಪಂಚೆ ಇತ್ತು.

ಹಿರಿಯರು ನಮ್ಮನ್ನೂ ಕೊಪ್ಪರಿಗೆಯ ಮಸಿ ಮೆತ್ತಿದ ಕಲ್ಲನ್ನೂ ನೋಡಿದರು. ಬೈಯಲಿಲ್ಲ. "ಅಯ್ನೋರೆ, ಕುರಿನೂ ಮೇಲಿನ ಮಡುವಿಗೆ ಬಿಡಂಗಿಲ್ಲ ನಾವು" ಎಂದಷ್ಟೇ ಹೇಳಿ, ಚೀಲದಿಂದ ಒಂದು ಕೈಗುದ್ದಲಿ ತೆಗೆದುಕೊಂಡು ಹಳ್ಳದ ಉಸುಕಿಗೆ ಇಳಿದರು. ಮಡುವಿನಿಂದ ನಾಲ್ಕೈದು ಮಾರು ದೂರದಲ್ಲಿ ಮೊಳದುದ್ದ ತೋಡಿದರು. ಮೊದಲು ಬಂದ ಕದಡು ನೀರನ್ನು ಎರಡು ಮೂರು ಸಲ ಚೆಂಬಿನಿಂದ ಚೆಲ್ಲಿ ಕಾದರು. ಉಸುಕಿನೊಳಗಿಂದ ತಿಳಿನೀರು ಒಸರಿ ಒರತೆ ತುಂಬಿತು. ಉಳಿದವರೆಲ್ಲ ಅದನ್ನು ಕುಡಿದರು. ಉಸುಕು ನೀರಿನ ಕಸವನ್ನು ಹಿಡಿಯುತ್ತದೆ, ಕ್ರಿಮಿಗಳಲ್ಲಿಯೂ ಒಂದಷ್ಟನ್ನು ತಡೆಯುತ್ತದೆ. ಪೂರ್ತಿಯಾಗಿ ಅಲ್ಲ, ಕುದಿಸಿದರೆ ಮಾತ್ರ ನಿಶ್ಚಿಂತೆ. ಆದರೂ ನಮ್ಮ ಬರದ ಸೀಮೆಯಲ್ಲಿ ತಲೆಮಾರುಗಳು ಬೇಸಿಗೆ ಕಳೆದದ್ದು ಇಂಥ ಒರತೆಗಳನ್ನು ನಂಬಿ. ವ್ಯಾಕರಣದ ನಮ್ಮ ಗುರುಗಳಿಗಿಂತ ಆ ಹಿರಿಯರು ಒಂದು ತೂಕ ಕಡಿಮೆ ಎಂದು ಆ ದಿನದ ಬಳಿಕ ನಮಗೆ ಎಂದೂ ಅನ್ನಿಸಿಲ್ಲ.

ಆ ರಾತ್ರಿ ಎರಡೂ ತಂಡಗಳು ಪೆಚ್ಚೆರುವಿನಲ್ಲಿ ವಸ್ತಿ ಇದ್ದವು. ಸಂಜೆಯ ಹೊತ್ತಿಗೆ ಆ ಮಗುವಿಗೆ ವಾಂತಿ ಹತ್ತಿತು, ಆಮೇಲೆ ಭೇದಿ. ರಾತ್ರಿ ಒಂಬತ್ತಕ್ಕೆ ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿರಲಿಲ್ಲ. ವಾಹನವಿಲ್ಲ, ದಾರಿಯಿಲ್ಲ. ಶ್ರೀಶೈಲದ ಆಸ್ಪತ್ರೆಗೆ ಹೋಗಬೇಕಾದರೆ ಭೀಮನ ಕೊಳ್ಳವನ್ನು ಇಳಿದು ಹತ್ತಬೇಕು. ನಮ್ಮ ಮಡುವಿನ ನೀರಿನಿಂದಲೇ ಅದಾಯಿತೆಂದು ಯಾವ ವೈದ್ಯನೂ ಪ್ರಮಾಣ ಮಾಡಿ ಹೇಳಲಾರನು. ದಾರಿಯಲ್ಲಿ ಏನೇನು ತಿಂದಿತ್ತೋ, ಎಲ್ಲೆಲ್ಲಿ ಕುಡಿದಿತ್ತೋ. ಈ ಸಮಾಧಾನವನ್ನು ನಾವು ನಲವತ್ತು ವರ್ಷಗಳಿಂದ ನಮಗೆ ನಾವೇ ಹೇಳಿಕೊಳ್ಳುತ್ತ ಬಂದಿದ್ದೇವೆ. ಅದು ಇನ್ನೂ ನೆಟ್ಟಗೆ ಒಳಗಿಳಿದಿಲ್ಲ.

ಮೂರನೆಯ ತಂಡವೊಂದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬ ದಾದಿಯಿದ್ದಳು. ಸುದ್ದಿ ತಿಳಿದು ಬಂದವಳೇ ನೀರು ಕುದಿಸಿರಿ ಎಂದಳು. ಕುದಿಸಿ ಆರಿಸಿದ ಒಂದು ಲೀಟರಿನಷ್ಟು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚವನ್ನು ಗೀಟು ಹಾಕಿದಂತೆ ಸಮವಾಗಿ ಅಳೆದಳು. ಉಪ್ಪು ಹೆಚ್ಚಾದರೆ ಕೆಡುಕು ಎಂದಳು. ಅದನ್ನು ಒಂದೊಂದೇ ಗುಟುಕು ಕುಡಿಸುತ್ತ, ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸುತ್ತ ಕುಳಿತಳು. ನಾವು ಕಟ್ಟಿಗೆ ತಂದೆವು, ನೀರು ಹೊತ್ತೆವು, ಒಲೆ ಊದಿದೆವು. ಕಾಡಿನೊಳಗೆ ಏನೋ ಕೂಗಿತು, ತರಗೆಲೆಯ ಮೇಲೆ ಏನೋ ನಡೆಯಿತು. ಅದಾವುದಕ್ಕೂ ನಮಗೆ ಅಂಜಿಕೆಯಾಗಲಿಲ್ಲ. ಆ ಮಗುವಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದೆವು. ಬೆಳ್ಳಿ ಮೂಡುವ ಹೊತ್ತಿಗೆ ಆ ದಾದಿ, "ಮೂತ್ರ ಮಾಡಿತು, ಇನ್ನು ಅಂಜಬ್ಯಾಡ್ರಿ" ಎಂದಳು. ಆಗ ಆ ತಾಯಿ ಅತ್ತ ಅಳು ಕೆರೆಯ ಆಚೆ ದಂಡೆಯವರೆಗೂ ಕೇಳಿಸಿರಬೇಕು.

ಸಕ್ಕರೆ ಉಪ್ಪಿನ ಆ ನೀರಿನ ಹಿಂದೆ ಒಂದು ಚರಿತ್ರೆಯಿದೆಯೆಂದು ನಮಗೆ ತಿಳಿದದ್ದು ಬಹಳ ವರ್ಷಗಳ ಬಳಿಕ. ಅದೂ ಬಿಡಾರಗಳ ಕಥೆಯೇ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ತುಂಬಿಕೊಂಡಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವವು ಸಾಲದೆ ಹೋಯಿತು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಎಂಬವರು ಉಪ್ಪು ಮತ್ತು ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಪೀಪಾಯಿಗಳಲ್ಲಿ ತುಂಬಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಸಮೀಪದಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ಸಕ್ಕರೆ ಬೇಕು ಎಂಬುದಷ್ಟೇ ಅದರ ಮರ್ಮ. ಆ ಮಹನೀಯರು 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದದ್ದು ಮರುವರ್ಷ. ಅವರ ಕೆಲಸವು ಹದಿಮೂರು ವರ್ಷಗಳಲ್ಲಿ ಬನಗಾಂವ್‌ನಿಂದ ಪೆಚ್ಚೆರುವಿನ ದಂಡೆಯ ತನಕ ಒಬ್ಬ ದಾದಿಯ ಕೈಯಲ್ಲಿ ನಡೆದು ಬಂದಿತ್ತು. ಮನೆಯಲ್ಲಿ ಎಳೆಯ ಮಕ್ಕಳಿರುವ ತಾಯಂದಿರು ಮೇಲಿನ ಅಳತೆಯನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ಒಳ್ಳೆಯದು. ಈಗ ಅಂಗಡಿಗಳಲ್ಲಿ ಓಆರ್‌ಎಸ್ ಪೊಟ್ಟಣಗಳು ಸಿಗುತ್ತವೆ, ಅಡವಿಗೆ ಹೋಗುವವರ ಚೀಲದಲ್ಲಿ ಅವು ಇರಲೇಬೇಕು.

ಬೆಳಗಾದ ಮೇಲೆ ಆದದ್ದನ್ನು ಬರೆಯುವುದು ಕಷ್ಟ. ಮಗುವಿನ ತಂದೆ ನಮ್ಮಿಬ್ಬರ ಬಳಿಗೆ ಬಂದನು. ರಾತ್ರಿಯೆಲ್ಲ ನೀರು ಹೊತ್ತು ನನ್ನ ಮಗನನ್ನು ಉಳಿಸಿಕೊಟ್ಟಿರಿ ಎಂದು ಹೇಳಿ, ಎಲ್ಲರ ಎದುರಿಗೆ ನಮ್ಮ ಪಾದ ಮುಟ್ಟಿ ಶರಣು ಮಾಡಿದನು. ಗುಳ್ಳೆ ಒಡೆದ ಅದೇ ಪಾದ. ನಾವು ಆಶೀರ್ವಾದ ಮಾಡಿದೆವು. ಹಿರಿಯರು ಸ್ವಲ್ಪ ದೂರದಲ್ಲಿ ಕಂಬಳಿ ಸುತ್ತುತ್ತಿದ್ದರು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಹೇಳಬೇಕಾದವರು ನಾವೆಂದು ಬಿಟ್ಟಿದ್ದರು. ಆ ತಂದೆಯ ಊರನ್ನೂ ಹೆಸರನ್ನೂ ಕೇಳದೆ ನಾವು ಕೈಲಾಸದ್ವಾರ ಏರಿದೆವು. ಆಮೇಲೆ ಕೇಳಿ ಹುಡುಕುವುದಕ್ಕೆ ದಾರಿಯಿರಲಿಲ್ಲ. ಆ ಮಗು ಬದುಕಿ ಬೆಳೆದಿದ್ದರೆ ಈಗ ನಲವತ್ತೈದು ದಾಟಿರುತ್ತದೆ.

ಆಮೇಲೆ ನಾಲ್ಕು ಬಾರಿ ಆ ದಾರಿಯಲ್ಲಿ ಹೋಗಿದ್ದೇವೆ. ಈಗ ದೇವಸ್ಥಾನದವರೂ ಅರಣ್ಯ ಇಲಾಖೆಯವರೂ ಅಲ್ಲಲ್ಲಿ ನೀರಿನ ಏರ್ಪಾಡು ಮಾಡುತ್ತಾರೆ, ಚಪ್ಪರ ಹಾಕುತ್ತಾರೆ, ವೈದ್ಯರೂ ಇರುತ್ತಾರೆ. ಹಿಂದಿನ ಕಷ್ಟವಿಲ್ಲ. ಆದರೆ ಹಿಂದೆ ಮುತ್ತುಗದ ಎಲೆಯಲ್ಲಿ ಉಂಡ ಜನ ಈಗ ಪ್ಲಾಸ್ಟಿಕ್ ತಟ್ಟೆಯಲ್ಲಿ ಉಣ್ಣುತ್ತಾರೆ. ದಾಸೋಹ ನೀಡುವ ಭಕ್ತರೇ ನೀರಿನ ಪೊಟ್ಟಣ ಹಂಚುತ್ತಾರೆ. ಭೀಮನ ಕೊಳ್ಳದ ಕಲ್ಲುಗಳ ಸಂದಿನಲ್ಲಿ ಅವು ಸಿಕ್ಕಿಕೊಂಡಿರುವುದನ್ನು ಕಂಡು, ಇದನ್ನು ಎಸೆದವರಿಗೆ ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆದಾಗಲೆಲ್ಲ ನಮಗೆ ಕೊಪ್ಪರಿಗೆ ನೆನಪಾಗುತ್ತದೆ. ಬಗ್ಗಿ ಒಂದಷ್ಟನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಮುಂದೆ ನಡೆಯುತ್ತೇವೆ.

ಇನ್ನು ನಮ್ಮ ತಮ್ಮನ ಮಗನ ವಿಚಾರ. ಅಡವಿಯಲ್ಲಿ ಕಂಡ ಕಂಡಲ್ಲಿ ಡೇರೆ ಹೊಡೆಯಲು ಬರುವುದಿಲ್ಲ ಎಂದು ಅವನಿಗೆ ಮೊದಲು ಹೇಳಿದೆವು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡೂ ಅಡ್ಡ ಬರುತ್ತವೆ. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಬೆಂಕಿ ಹೊತ್ತಿಸುವುದೇ ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಅಡವಿ ಸುಟ್ಟುಹೋದದ್ದನ್ನು ಕೇಳಿದವರಿಗೆ ಈ ಕಟ್ಟುನಿಟ್ಟು ಅತಿಯೆನಿಸದು. ಆದರೆ ಇರುವ ಆಸೆಗೆ ದಾರಿಯೂ ಇದೆ. ರಾಜ್ಯದಲ್ಲಿ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ದಾಂಡೇಲಿ ಬಳಿಯ ಕುಳಗಿಯಲ್ಲಿಯೂ, ಹೆಬ್ರಿ ಬಳಿ ಸೀತಾನದಿಯ ದಂಡೆಯಲ್ಲಿಯೂ ಡೇರೆಗಳಲ್ಲಿ ತಂಗುವ ನಿಸರ್ಗ ಶಿಬಿರಗಳಾದವು. ಸೀತಾನದಿಯೇ ಆಗಲಿ ಎಂದು ಅವನು ಗೊತ್ತುಮಾಡಿಕೊಂಡನು. ಮುಂಚಿತವಾಗಿ ವಿಚಾರಿಸಿ ಕಾಯ್ದಿರಿಸಿಕೊಂಡು, ಅಲ್ಲಿಯ ಸಿಬ್ಬಂದಿ ತೋರಿಸಿದ ಜಾಗದಲ್ಲಿ ಮಾತ್ರ ನೀರಿಗೆ ಇಳಿಯಬೇಕು ಎಂದೆವು. ಮಲೆನಾಡಿನ ಹೊಳೆಯ ಸುಳಿಯು ಬಯಲುಸೀಮೆಯವನ ಕಣ್ಣಿಗೆ ಕಾಣುವುದಿಲ್ಲ.

ಅಮೆರಿಕದಲ್ಲಿರುವ ತನ್ನ ಸ್ನೇಹಿತರು ಇಂಥ ವಸ್ತಿಗೆ ಆಗಾಗ ಹೋಗುತ್ತಾರೆಂದು ಅವನು ಹೇಳಿದನು. ಅಲ್ಲಿ ಸರ್ಕಾರದ ಅಡವಿಗಳಲ್ಲಿ ತೊರೆಯ ಬದಿಗೆ ಬಿಡಾರದ ಜಾಗಗಳಿರುತ್ತವಂತೆ. ಒಂದು ಮರದ ಮೇಜು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ, ದೂರದಲ್ಲೊಂದು ಗುಂಡಿಯ ಪಾಯಖಾನೆ. ಹಲವು ಕಡೆ ನಲ್ಲಿಯೂ ಇರುವುದಿಲ್ಲ. ತೊರೆಯ ನೀರನ್ನು ಕುದಿಸಿಯೋ ಸೋಸಿಯೋ ಕುಡಿಯಬೇಕು. ಅವರ ಕಟ್ಟಳೆಗಳನ್ನು ಅವನು ಓದಿ ಹೇಳಿದಾಗ ನಮಗೆ ಸೋಜಿಗವಾಯಿತು. ನೀರಿನಿಂದ ಇನ್ನೂರು ಅಡಿ, ಎಂದರೆ ಸುಮಾರು ಎಪ್ಪತ್ತು ಹೆಜ್ಜೆ, ದೂರ ಹೋಗಿಯೇ ಪಾತ್ರೆ ತಿಕ್ಕಬೇಕು, ಮೈ ತೊಳೆಯಬೇಕು, ಆ ನೀರನ್ನು ನೆಲದ ಮೇಲೆ ಚೆಲ್ಲಬೇಕು. ಪಾಯಖಾನೆ ಇಲ್ಲದಲ್ಲಿ ಅಷ್ಟೇ ದೂರದಲ್ಲಿ ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು. ಸಾಬೂನು ಎಂಥದೇ ಆದರೂ ತೊರೆಗೆ ತಾಗಕೂಡದು. ಬೆಂಕಿಯ ಮೇಲೆ ನೀರು ಸುರಿದು, ಬೂದಿಯನ್ನು ಕದಡಿ, ಮತ್ತೆ ನೀರು ಸುರಿದು, ಕೈ ಹಿಂಬದಿಗೆ ಬಿಸಿ ತಾಗದಿದ್ದರೆ ಮಾತ್ರ ಆರಿತೆಂದು ತಿಳಿಯಬೇಕು. ತಂದ ಕಸವನ್ನೆಲ್ಲ ಹೊತ್ತು ಒಯ್ಯಬೇಕು. ಇದನ್ನು ಪ್ರಚಾರ ಮಾಡುವುದಕ್ಕೆಂದು ಅಲ್ಲಿ 1994ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದ್ದಾರೆ. ನಮ್ಮ ಹಿರಿಯರು ದಂಡೆಯಿಂದ ಅಳೆದ ನೂರು ಹೆಜ್ಜೆ ಈ ಲೆಕ್ಕಕ್ಕಿಂತ ಮೂವತ್ತು ಹೆಜ್ಜೆ ಹೆಚ್ಚೇ ಇತ್ತು.

ಸಣ್ಣಪುಟ್ಟ ಸಂಗತಿಗಳನ್ನೂ ಹೇಳಿ ಕಳುಹಿಸಿದೆವು. ತಿನಿಸನ್ನು ಮಕ್ಕಳು ಮಲಗುವ ಡೇರೆಯೊಳಗೆ ಇಡಬೇಡ, ವಾಸನೆಗೆ ಇಲಿ ಇರುವೆ ಮೊದಲ್ಗೊಂಡು ಎಲ್ಲವೂ ಬರುತ್ತವೆ. ಬೆಳಗ್ಗೆ ಕೆರವನ್ನು ಕೊಡವಿಯೇ ಮೆಟ್ಟಬೇಕು. ರಾತ್ರಿ ಹೊರಗೆ ಹೋಗುವ ಮಗುವಿನೊಡನೆ ದೀಪ ಹಿಡಿದು ಒಬ್ಬರು ಹೋಗಬೇಕು. ಹಾಡಿನ ಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಡು ಎಂದಾಗ ಅವನು ನಕ್ಕನು, ಅವನ ಹೆಂಡತಿ ನಗಲಿಲ್ಲ. ಆಕೆ ಈ ಮಾತನ್ನು ಮೊದಲೇ ಹೇಳಿದ್ದಳೆಂದು ತೋರುತ್ತದೆ. ಅಡವಿಯ ರಾತ್ರಿಯಲ್ಲಿ ಮಕ್ಕಳಿಗೆ ಕೇಳಿಸಬೇಕಾದದ್ದು ಬೇರೆ ಇದೆ. ಹಳ್ಳದ ಕಪ್ಪೆ ಒಮ್ಮೆಗೇ ಸುಮ್ಮನಾಗುವುದು, ಜಿಂಕೆ ಎಚ್ಚರಿಕೆಯ ಕೂಗು ಹಾಕುವುದು, ಆಮೇಲೆ ಬಹಳ ಹೊತ್ತು ಏನೂ ಇಲ್ಲದಿರುವುದು.

ಹೊರಡುವ ದಿನ ಆ ಮಗು ಮತ್ತೆ ಹತ್ತಿರ ಬಂದು, ಹೆದರಿಕೆ ಯಾಕೆ ಆಯಿತೆಂದು ನೀವು ಹೇಳಲೇ ಇಲ್ಲ ಎಂದು ಹಟ ಹಿಡಿದಳು. ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೊಪ್ಪರಿಗೆಯ ಕಥೆ ಹೇಳಿದೆವು. ಪಾದ ಮುಟ್ಟಿದ್ದನ್ನು ಮಾತ್ರ ಬಿಟ್ಟೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಆ ಅಮ್ಮನಿಗೆ ಸಾರಿ ಹೇಳಿದ್ರಾ?" ಎಂದಳು. ಇಲ್ಲವೆಂದೆವು. ಒಳಗೆ ಹೋಗಿ ಹಿತ್ತಲಿನ ಮೂಲೆಯಲ್ಲಿದ್ದ ಕೈಗುದ್ದಲಿಯನ್ನು ತಂದು, ಕಾವು ಬಿಗಿಯಾಗಿದೆಯೇ ಎಂದು ನೋಡಿ, ಅವಳ ಕೈಗೆ ಕೊಟ್ಟೆವು. ಕಾರಿನಲ್ಲಿ ಜಾಗವಿಲ್ಲ ಎಂದು ಅವಳ ತಂದೆ ಹೇಳಿದರೂ ಅವಳು ಅದನ್ನು ತನ್ನ ಕಾಲ ಬಳಿಯೇ ಇರಿಸಿಕೊಂಡ ಮೇಲೆ ಬಾಗಿಲು ಹಾಕಿದರು.